ಪೂಜೆಯ ಕಣಗಿಲೆ

ಶಿವಪೂಜೆಗೆ ಹೂವು ಬೇಕೆಂದಾಗ ನಮ್ಮ ಬಯಲುಸೀಮೆಯ ಮನೆಗಳಲ್ಲಿ ಮೊದಲು ಕೈ ಚಾಚುವುದು ಕಣಗಿಲೆಯ ಕಡೆಗೆ. ಮಲ್ಲಿಗೆಗೆ ನೀರು ಬೇಕು, ಗುಲಾಬಿಗೆ ಆರೈಕೆ ಬೇಕು, ಬಿಲ್ವ ಬೆಳೆದು ನಿಲ್ಲಲು ವರ್ಷಗಳೂ ಬೇಕು, ಜಾಗವೂ ಬೇಕು. ಕಣಗಿಲೆ ಇವಾವುದನ್ನೂ ಕೇಳದು. ಬಚ್ಚಲ ನೀರು ಹರಿಯುವ ಮಗ್ಗುಲಲ್ಲಿ ಒಂದು ಕಡ್ಡಿ ಊರಿದರೆ ಸಾಕು, ಎರಡು ಮೂರು ವರ್ಷಗಳಲ್ಲಿ ಆಳೆತ್ತರದ ಪೊದೆಯಾಗಿ, ಚೈತ್ರ ವೈಶಾಖಗಳ ಉರಿಬಿಸಿಲಿನಲ್ಲಿ ಊರೆಲ್ಲ ಬಣಗುಡುವಾಗಲೂ ತುದಿತುದಿಗೆ ಗೊಂಚಲು ಹೊತ್ತು ನಿಲ್ಲುತ್ತದೆ. ದನ ಮೇಯದ, ಬರಗಾಲಕ್ಕೆ ಬಗ್ಗದ ಈ ಗಿಡವನ್ನು ಬಡ ಭಕ್ತರ ಹೂದೋಟವೆಂದರೆ ತಪ್ಪಾಗದು. ದನ ಇದನ್ನು ಏಕೆ ಮೇಯುವುದಿಲ್ಲವೆಂದು ಕೇಳಿಕೊಂಡವರು ಮಾತ್ರ ಕಡಿಮೆ.

ಕಳೆದ ಶ್ರಾವಣ ಮಾಸದಲ್ಲಿ ಪ್ರವಚನದ ನಿಮಿತ್ತ ನಾವು ಒಂದು ಹಳ್ಳಿಯಲ್ಲಿ ತಂಗಿದ್ದೆವು. ಇಳಿದುಕೊಂಡಿದ್ದ ಮನೆಯ ಹಿರಿಯ ತಾಯಿಗೆ ಎಂಬತ್ತು ಸಮೀಪಿಸಿದೆ. ಲಿಂಗಪೂಜೆ ತಪ್ಪಿಸಿದ ದಿನವಿಲ್ಲ. ಒಂದು ಮುಂಜಾನೆ ನಾವು ಪೂಜೆ ಮುಗಿಸಿ ಹೊರಗೆ ಬಂದಾಗ ಅಂಗಳದಲ್ಲಿ ಆ ತಾಯಿಗೂ ಆಕೆಯ ಮೊಮ್ಮಗಳಿಗೂ ವಾದ ನಡೆದಿತ್ತು. ಮೊಮ್ಮಗಳು ನರ್ಸಿಂಗ್ ಓದಿದವಳು, ಎರಡು ವರ್ಷದ ಮಗನನ್ನು ಕರೆದುಕೊಂಡು ತವರಿಗೆ ಬಂದಿದ್ದಳು.

"ನೀವೇ ಹೇಳ್ರಿ ಅಯ್ಯಾರ. ನಾ ಈ ಮನಿಗೆ ನಡಕೊಂಡು ಬಂದಾಗಿಂದ ಲಿಂಗಕ್ಕ ಇದನ್ನ ಏರಿಸ್ಕೋತ ಬಂದೇನಿ. ಈಗ ಇಕಿ ಇದು ವಿಷ, ಕಡಿಸಿ ಒಗೀರಿ ಅಂತಾಳ. ಶಿವನ ತಲಿಮ್ಯಾಗ ಕುಂಡ್ರೂ ಹೂವು ವಿಷ ಆಗೂದು ಹೆಂಗ್ರಿ?" ಎಂದು ಆ ತಾಯಿ ಕೇಳಿದರು.

"ಅಜ್ಜಾರ, ಕೇರಳದಾಗ ಗುಡಿ ಪ್ರಸಾದದಾಗ ಇದನ್ನ ಬಂದ್ ಮಾಡ್ಯಾರ್ರಿ. ಪೇಪರನ್ಯಾಗ ಫೋಟೋ ಸೈತ ಬಂದಿತ್ತು" ಎಂದು ಮೊಮ್ಮಗಳು ಬಚ್ಚಲ ಬದಿಯ ಗುಲಾಬಿ ಬಣ್ಣದ ಹೂಗಿಡವನ್ನು ತೋರಿಸಿದಳು.

ಅವಳ ಮಗ ಆ ಗಿಡದ ಹತ್ತಿರ ಇರಲಿಲ್ಲ. ಅವನು ತಲಬಾಗಿಲ ಮಗ್ಗುಲಿನ ಇನ್ನೊಂದು ಗಿಡದ ಕೆಳಗೆ ಕುಳಿತು, ಉದುರಿ ಬಿದ್ದ ಹಸಿರು ಕಾಯಿಗಳನ್ನು ಒಂದೊಂದಾಗಿ ಆರಿಸಿ ಪುಟ್ಟ ತಂಬಿಗೆಯೊಳಗೆ ಹಾಕಿಕೊಳ್ಳುತ್ತಿದ್ದನು. ಆ ಗಿಡದ ಹೂವು ಹಳದಿ. ಅಜ್ಜಿ ಅದನ್ನೂ ಕಣಗಿಲೆಯೆಂದೇ ಕರೆಯುತ್ತಿದ್ದರು, ಅದರ ಹೂವನ್ನೂ ಪೂಜೆಗೆ ಎತ್ತುತ್ತಿದ್ದರು. ಪತ್ರಿಕೆಯ ಚಿತ್ರದಲ್ಲಿ ಅದು ಇಲ್ಲದ ಕಾರಣ ಮೊಮ್ಮಗಳು ಅದನ್ನು ಗಮನಿಸಿರಲಿಲ್ಲ. ಉತ್ತರ ಹೇಳುವ ಮೊದಲು ನಾವು ಹೋಗಿ ಕೂಸನ್ನು ಎತ್ತಿಕೊಂಡು, ತಂಬಿಗೆಯನ್ನು ಬರಿದುಮಾಡಿ, ಅವನ ಕೈ ತೊಳೆಸಿದೆವು. ಆ ಅಂಗಳದಲ್ಲಿ ವಾದಕ್ಕೆ ಕಾರಣವಾಗಿದ್ದ ಹೆಸರು ಒಂದು, ಇದ್ದ ಗಿಡಗಳು ಎರಡು.

ಮೊಮ್ಮಗಳು ಓದಿದ ಸುದ್ದಿ ಸುಳ್ಳಲ್ಲ. 2024ರ ಏಪ್ರಿಲ್ ತಿಂಗಳ ಕೊನೆಯಲ್ಲಿ ಕೇರಳದ ಆಲಪ್ಪುಳ ಜಿಲ್ಲೆಯ ತರುಣಿಯೊಬ್ಬಳು ಅರಳಿಯ ಎಲೆಯನ್ನು ಬಾಯಿಗೆ ಹಾಕಿಕೊಂಡುದರಿಂದ ಮರಣ ಹೊಂದಿದಳೆಂಬ ಶಂಕೆ ಉಂಟಾಯಿತು. ಮರುತಿಂಗಳು ತಿರುವಾಂಕೂರು ದೇವಸ್ವಂ ಮಂಡಳಿಯೂ ಮಲಬಾರ್ ದೇವಸ್ವಂ ಮಂಡಳಿಯೂ ತಮ್ಮ ಆಡಳಿತದ ದೇವಾಲಯಗಳಲ್ಲಿ ನೈವೇದ್ಯಕ್ಕೂ ಪ್ರಸಾದಕ್ಕೂ ಅರಳಿ ಹೂವನ್ನು ಬಳಸಬಾರದೆಂದು ತೀರ್ಮಾನಿಸಿದವು. ಇಲ್ಲಿ ಕನ್ನಡಿಗರು ಒಂದು ಮಾತನ್ನು ನೆನಪಿಡಬೇಕು. ನಮಗೆ ಅರಳಿಯೆಂದರೆ ಅಶ್ವತ್ಥ ವೃಕ್ಷ, ಕಟ್ಟೆ ಕಟ್ಟಿಸಿ ಪ್ರದಕ್ಷಿಣೆ ಹಾಕುವ ಮರ. ಮಲಯಾಳದಲ್ಲಿಯೂ ತಮಿಳಿನಲ್ಲಿಯೂ ಅರಳಿಯೆಂದರೆ ನಮ್ಮ ಕಣಗಿಲೆ. ಗಡಿ ದಾಟಿದೊಡನೆ ಹೆಸರು ಬೇರೊಂದು ಗಿಡದ ಮೇಲೆ ಹೋಗಿ ಕುಳಿತುಬಿಡುತ್ತದೆ. ಆದುದರಿಂದ ಗಿಡವನ್ನು ಹೆಸರಿನಿಂದಲ್ಲದೆ ಎಲೆ, ಹೂವು, ಕಾಯಿಗಳಿಂದ ಗುರುತಿಸುವುದನ್ನು ಪ್ರತಿಯೊಂದು ಮನೆಯವರೂ ಕಲಿಯಬೇಕೆಂಬುದು ನಮ್ಮ ಅಪೇಕ್ಷೆ. ಅದೇನೂ ಕಠಿಣ ವಿದ್ಯೆಯಲ್ಲ.

ಮೊದಲು ನಿಜವಾದ ಕಣಗಿಲೆ, ಸಂಸ್ಕೃತದ ಕರವೀರ. ಕೊಲ್ಹಾಪುರಕ್ಕೆ ಕರವೀರ ಕ್ಷೇತ್ರವೆಂಬ ಹೆಸರಿರುವುದನ್ನು ವಾಚಕರು ಬಲ್ಲರು. ಈ ಗಿಡದ ರೆಂಬೆಯ ಒಂದೊಂದು ಗಣ್ಣಿನಲ್ಲಿಯೂ ಸಾಮಾನ್ಯವಾಗಿ ಮೂರು ಮೂರು ಎಲೆಗಳು ಸುತ್ತುಗಟ್ಟಿ ನಿಂತಿರುತ್ತವೆ. ಒಬ್ಬ ಭಕ್ತರು ಇದನ್ನು ತ್ರಿದಳ ಬಿಲ್ವಕ್ಕೆ ಹೋಲಿಸಿದ್ದುಂಟು. ಹೋಲಿಕೆ ಚೆಂದ, ಆದರೆ ಬಿಲ್ವದಲ್ಲಿ ಒಂದೇ ಎಲೆಗೆ ಮೂರು ದಳ, ಇಲ್ಲಿ ಮೂರೂ ಬೇರೆ ಬೇರೆ ಎಲೆಗಳೇ. ಎಲೆ ನೀಳ, ತೊಗಲಿನಂತೆ ದಪ್ಪ, ಮಬ್ಬು ಹಸಿರು. ನಡುವಿನ ನರ ಎದ್ದು ಕಾಣುತ್ತದೆ. ಅದರಿಂದ ಅಂಚಿನವರೆಗೆ ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾಗಿ ಸಣ್ಣ ನರಗಳು ಹೊರಡುತ್ತವೆ. ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ಒಮ್ಮೆ ನಮಗೆ ಈ ಎಲೆಯ ಬೆನ್ನನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು. ಉಸಿರಾಡುವ ರಂಧ್ರಗಳು ಮೇಲ್ಮೈಯಲ್ಲಿರದೆ ಸಣ್ಣ ಸಣ್ಣ ಗುಳಿಗಳೊಳಗೆ ಅಡಗಿದ್ದವು. ಗುಳಿಯ ತುಂಬ ಕೂದಲು. ಬಿಸಿಗಾಳಿಯಲ್ಲಿ ನಡೆಯುವವನು ಮೂಗುಬಾಯಿಗೆ ವಸ್ತ್ರ ಕಟ್ಟಿಕೊಂಡ ಹಾಗೆ! ಒಳಗಿನ ನೀರು ಬೇಗ ಆರಿಹೋಗದಂತೆ ಈ ಏರ್ಪಾಡು. ನಮ್ಮ ಬೇಸಿಗೆಯನ್ನು ಇದು ನಗುತ್ತ ಕಳೆಯುವುದರ ಗುಟ್ಟು ಅದು.

ಹೂವಿಗೆ ಐದು ಎಸಳು. ಬಣ್ಣ ಬಿಳಿ, ತಿಳಿಗುಲಾಬಿ ಅಥವಾ ಕೆಂಪು. ಒಂಟಿ ಸುತ್ತಿನ ಹೂವಿನ ಕೊರಳೊಳಗೆ ಇಣುಕಿದರೆ ಎಸಳುಗಳ ಬುಡದಲ್ಲಿ ಸೀಳುಸೀಳಾದ ಜಾಲರಿಯೊಂದು ಕಾಣುತ್ತದೆ. ಇದು ಕಣಗಿಲೆಯ ಮುಖ್ಯ ಲಕ್ಷಣ. ಹಳದಿ ಗಿಡದ ಹೂವಿನಲ್ಲಿ ಹೀಗಿಲ್ಲ. ಸುತ್ತುಸುತ್ತಿನ ಜೋಡಿ ಕಣಗಿಲೆಯಲ್ಲಿ ಎಸಳುಗಳ ಸಂದಣಿಯಿಂದ ಜಾಲರಿ ತಿಳಿಯಾಗಿ ಕಾಣದು, ಆಗ ಎಲೆಯನ್ನು ನೋಡಬೇಕು. ಕಾಯಿ ಗೇಣುದ್ದಕ್ಕೆ ಸಮೀಪವಾದ ಜೋಡಿ ಕೋಡು. ಒಣಗಿ ಸೀಳಿದರೆ ಕಂದು ಬಣ್ಣದ ನವಿರು ಕೂದಲಿನ ಬೀಜಗಳು ಗಾಳಿಗೆ ಹಾರುತ್ತವೆ. ಲಿನೇಯಸ್ ಎಂಬ ಸ್ವೀಡನ್ನಿನ ಪಂಡಿತನು 1753ರಲ್ಲಿ ಇದಕ್ಕೆ ನೀರಿಯಂ ಓಲಿಯಾಂಡರ್ ಎಂದು ಹೆಸರಿಟ್ಟನು. ನಮ್ಮ ದೇಶದ ಕಣಗಿಲೆಗೆ ಸುವಾಸನೆಯಿರುವ ಕಾರಣ ಬಹುಕಾಲ ಅದನ್ನು ಬೇರೆಯೇ ಜಾತಿಯೆಂದು ಎಣಿಸುತ್ತಿದ್ದರು. ಈಗ ಮೆಡಿಟರೇನಿಯನ್ ತೀರದಿಂದ ಚೀನದವರೆಗಿನದೆಲ್ಲ ಒಂದೇ ಎಂದು ಒಪ್ಪಿದ್ದಾರೆ. ಕಾಡಿನಲ್ಲಿ ಇದರ ಸಹಜ ಮನೆ ಹೊಳೆ ಹಳ್ಳಗಳ ಕಲ್ಲುಪಾತ್ರ.

ಇನ್ನು ತಲಬಾಗಿಲ ಹಳದಿ ಗಿಡ. ಇದರ ಎಲೆಗಳು ಮೂರರ ಗುಂಪಿನಲ್ಲಿರದೆ ಒಂದರ ಮೇಲೊಂದು ಸುರುಳಿಯಾಗಿ ರೆಂಬೆಯನ್ನು ಬಳಸಿ ಏರುತ್ತವೆ. ಕಣಗಿಲೆಯ ಎಲೆಗಿಂತ ಸಪೂರ, ಎಣ್ಣೆ ಸವರಿದಂಥ ಹೊಳಪು. ನಡುನರವೊಂದನ್ನು ಬಿಟ್ಟರೆ ಬೇರೆ ನರಗಳು ಕಣ್ಣಿಗೆ ಬೀಳುವುದೇ ಇಲ್ಲ. ಎಲೆ ಮುರಿದರೆ ಬಿಳಿಯ ಹಾಲು ತೊಟ್ಟಿಕ್ಕುತ್ತದೆ. ಹೂವು ಪೂರ್ತಿ ಅರಳಿ ಚಪ್ಪಟೆಯಾಗದೆ ಗಂಟೆಯಂತೆ ಜೋತಿರುತ್ತದೆ. ಎಸಳುಗಳು ಒಂದರ ಮೈಮೇಲೊಂದು ತಿರುಚಿಕೊಂಡಿರುತ್ತವೆ. ಕಾಯಿಯನ್ನು ನೋಡಿದವರಿಗಂತೂ ಯಾವ ಸಂಶಯವೂ ಉಳಿಯದು: ನಿಂಬೆಗಿಂತ ಚಿಕ್ಕದು, ಮೂಲೆಮೂಲೆಯಾದ ಆಕಾರ, ಹಸಿರಿನಿಂದ ಕಪ್ಪಿಗೆ ತಿರುಗುತ್ತದೆ, ಒಳಗೆ ಗಟ್ಟಿ ಓಡು, ಓಡಿನೊಳಗೆ ಬೀಜ. ಮಕ್ಕಳ ಅಂಗೈಯಲ್ಲಿ ಹಿಡಿಸುವ ಗಾತ್ರ, ಆಟಕ್ಕೆ ಕರೆಯುವ ರೂಪ. ಅದೇ ದೊಡ್ಡ ಗಂಡಾಂತರ.

ಈ ಹಳದಿ ಕಣಗಿಲೆ ನಮ್ಮ ನಾಡಿನ ಮೂಲದ್ದಲ್ಲ. ಮೆಕ್ಸಿಕೋ ಮತ್ತು ಮಧ್ಯ ಅಮೇರಿಕದಿಂದ ಬಂದುದು. ಇದರ ಹೆಸರಿನಲ್ಲಿ ಒಬ್ಬ ಸನ್ಯಾಸಿಯ ನೆನಪು ಸೇರಿದೆ. ಆಂದ್ರೆ ತೆವೆ ಎಂಬ ಫ್ರಾನ್ಸಿನ ಕ್ರೈಸ್ತ ಸನ್ಯಾಸಿಯು 1555ರಲ್ಲಿ ಬ್ರೆಜಿಲ್ ದೇಶಕ್ಕೆ ಹೋಗಿ, ಅಲ್ಲಿ ಕಂಡ ಗಿಡಮರಗಳ ವಿಷಯವನ್ನು ಬರೆದನು. ಅಲ್ಲಿಯ ಮೂಲನಿವಾಸಿಗಳು ಇದರ ಸೋದರ ಗಿಡವೊಂದರ ಒಣ ಕಾಯೋಡುಗಳನ್ನು ಗೆಜ್ಜೆಯಂತೆ ಕಾಲಿಗೆ ಕಟ್ಟಿ ಕುಣಿಯುತ್ತಿದ್ದರು. ಆತನ ಸ್ಮರಣಾರ್ಥವಾಗಿ ಥೆವೆಟಿಯ ಎಂಬ ಹೆಸರು ಬಂತು. ಈಗ ಶಾಸ್ತ್ರಜ್ಞರು ಬಳಸುವ ಕ್ಯಾಸ್ಕಬೆಲ ಥೆವೆಟಿಯ ಎಂಬ ಹೆಸರಿನ ಮೊದಲ ಪದಕ್ಕೆ ಸ್ಪೇನಿನ ಭಾಷೆಯಲ್ಲಿ ಕಿರುಗೆಜ್ಜೆಯೆಂಬ ಅರ್ಥ. ಲಿನೇಯಸನು ಇದನ್ನು ಮೊದಲು ಸೇರಿಸಿದ್ದು ಸರ್ಬೆರ ಎಂಬ ಕುಲದಲ್ಲಿ. ಗ್ರೀಕರ ಪುರಾಣದಲ್ಲಿ ಯಮಲೋಕದ ಬಾಗಿಲು ಕಾಯುವ ನಾಯಿಯ ಹೆಸರಿನಿಂದ ಬಂದ ಪದವದು. ನಮ್ಮ ವೈದ್ಯ ನಿಘಂಟುಗಳಲ್ಲಿ ಪೀತ ಕರವೀರವೆಂಬ ಮಾತು ಬಂದಲ್ಲಿ ಕೆಲವು ಪಂಡಿತರು ಅದು ಈ ಹಳದಿ ಗಿಡವೇ ಎಂದು ವ್ಯಾಖ್ಯಾನಿಸುತ್ತಾರೆ. ಸಮುದ್ರದಾಚೆಯ ಗಿಡ ಈ ನೆಲಕ್ಕೆ ಬರುವ ದಾರಿ ತೆರೆದುದೇ ಹದಿನಾರನೆಯ ಶತಮಾನದ ಈಚೆಗೆ. ಅದಕ್ಕೂ ಹಿಂದಿನ ಗ್ರಂಥದಲ್ಲಿ ಅದನ್ನು ಹುಡುಕುವುದು ನಮಗೆ ಸರಿಯೆನಿಸುವುದಿಲ್ಲ.

ಕಣಗಿಲೆಯೆಂಬ ಹೆಸರನ್ನು ನಮ್ಮ ಜನ ಇನ್ನೂ ಎರಡು ಗಿಡಗಳಿಗೆ ಹಂಚಿದ್ದಾರೆ. ಗುಡಿಯ ಪೌಳಿಯಲ್ಲಿ ದಪ್ಪ ಬೊಡ್ಡೆಯ ಮೇಲೆ ಬಿಳಿ ಹಳದಿ ಹೂ ಬಿಡುವ ದೇವಕಣಗಿಲೆ ಒಂದು; ಅದರ ಪಾಶ್ಚಾತ್ಯ ಹೆಸರು ಪ್ಲುಮೇರಿಯ. ಇದು ಕೂಡ ಅಮೇರಿಕದ್ದೇ. ವಿಚಿತ್ರವೆಂದರೆ ಇದಕ್ಕೂ ಹೆಸರು ಕೊಟ್ಟವನು ಒಬ್ಬ ಸನ್ಯಾಸಿ, ಫ್ರಾನ್ಸಿನ ಶಾರ್ಲ್ ಪ್ಲುಮಿಯೆ. ಎರಡನೆಯದು ನೆಲದ ಮಟ್ಟದಲ್ಲಿ ಬೆಳೆಯುವ ಕಾಶಿಕಣಗಿಲೆ, ಅಂದರೆ ನಿತ್ಯಪುಷ್ಪ. ಅದು ಕಾಶಿಯಿಂದ ಬಂದುದಲ್ಲ, ಮಡಗಾಸ್ಕರ್ ದ್ವೀಪದಿಂದ. ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧ ಸಿಕ್ಕಿದ್ದು ಅದರಿಂದಲೇ. ಈ ನಾಲ್ಕೂ ಗಿಡಗಳು ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬಕ್ಕೆ ಸೇರಿವೆ. ನಾಲ್ಕರ ಮೊಗ್ಗನ್ನೂ ಬಿಡಿಸಿ ನೋಡಿರಿ, ಎಸಳುಗಳು ಹುರಿಹಗ್ಗದಂತೆ ತಿರುಚಿಕೊಂಡಿರುತ್ತವೆ. ಪುಸ್ತಕ ಓದದ ನಮ್ಮ ಹಿರಿಯರು ಹೊರನಾಡಿನ ಗಿಡಗಳನ್ನು ಕಂಡಾಗ, ಇದು ನಮ್ಮ ಕಣಗಿಲೆಯ ಬಳಗವೆಂದು ಹೇಗೋ ಸರಿಯಾಗಿಯೇ ಗ್ರಹಿಸಿದ್ದರು. ಬಳಗವನ್ನು ಗುರುತಿಸುವುದು ಜಾಣತನ. ಬಳಗದ ಒಬ್ಬೊಬ್ಬರ ಸ್ವಭಾವವನ್ನೂ ತಿಳಿಯಬೇಕಾದುದು ಅದರ ಮುಂದಿನ ಕೆಲಸ.

1970ರ ದಶಕದಲ್ಲಿ ನಾವು ಒಂದು ಮಠದ ಪ್ರಸಾದ ನಿಲಯದಲ್ಲಿದ್ದುಕೊಂಡು ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದೆವು. ಬೆಳಗಿನ ಜಾವ ಎದ್ದು ಹೂವೆತ್ತುವುದು, ಅನಂತರ ಅಮರಕೋಶವನ್ನು ಬಾಯಿಪಾಠ ಮಾಡುವುದು ವಟುಗಳ ನಿತ್ಯಕ್ರಮ. ವನೌಷಧಿವರ್ಗದಲ್ಲಿ ಕರವೀರದ ಪರ್ಯಾಯ ನಾಮಗಳು ಬರುತ್ತವೆ: ಪ್ರತಿಹಾಸ, ಶತಪ್ರಾಸ, ಚಂಡಾತ, ಹಯಮಾರಕ. ಮಠದ ಗೋಶಾಲೆಯ ಹಿಂಬದಿಗೆ ಕಣಗಿಲೆಯ ಬೇಲಿಯಿತ್ತು. ಒಂದು ಸಲ ಬೇಲಿ ಸವರಿದ ಕೂಲಿಯಾಳು ಕೊಂಬೆಗಳನ್ನು ಗೋಶಾಲೆಯ ಗೋಡೆಗೆ ಒರಗಿಸಿ ಹೋಗಿದ್ದನು. ನಾಲ್ಕೈದು ದಿನಗಳಲ್ಲಿ ಎಲೆ ಒಣಗಿ ಉದುರಿ ಕಣಿಕೆಯ ರಾಶಿಯೊಳಗೆ ಬೆರೆಯಿತು. ಹಸಿ ಎಲೆಯನ್ನು ದನ ಕಹಿಗೆ ಹೆದರಿ ಮೂಸಿ ಬಿಡುತ್ತದೆ. ಒಣಗಿದಾಗ ಕಹಿ ಕುಗ್ಗುತ್ತದೆ, ವಿಷ ಕುಗ್ಗುವುದಿಲ್ಲ. ಗೌರಿ ಎಂಬ ಹಸು ಮೇವು ಬಿಟ್ಟು ನಿಂತಿತು, ಮೈ ನಡುಗಿತು, ಮರುದಿನ ಬೆಳಗಾಗುವುದರೊಳಗೆ ಪ್ರಾಣ ಬಿಟ್ಟಿತು. ಅದರ ಕರುವಿಗೆ ಇನ್ನೂ ತಿಂಗಳು ತುಂಬಿರಲಿಲ್ಲ.

ಆ ಸಂಜೆ ನಮ್ಮ ಗುರುಗಳು ಪಾಠವನ್ನು ಒಳಗೆ ಹೇಳಲಿಲ್ಲ. ಎಲ್ಲರನ್ನೂ ಬೇಲಿಯ ಹತ್ತಿರ ನಿಲ್ಲಿಸಿ, ಹಯಮಾರಕ ಶಬ್ದಕ್ಕೆ ವಿಗ್ರಹವಾಕ್ಯ ಹೇಳಿಸಿದರು. "ಹಯವೆಂದರೆ ಕುದುರೆ. ಕುದುರೆಯನ್ನು ಕೊಲ್ಲುವುದು ಹಸುವನ್ನು ಬಿಟ್ಟೀತೇನೋ?" ಎಂದಷ್ಟೇ ಹೇಳಿ ಸುಮ್ಮನಾದರು. ಕೂಲಿಯಾಳನ್ನು ಗದರಿಸಲಿಲ್ಲ, ಅವನಿಗೆ ಅಮರಕೋಶ ಯಾರು ಹೇಳಿಕೊಟ್ಟಿದ್ದರು? ಬೇಲಿಯನ್ನು ಅಲ್ಲಿಂದ ಕೀಳಿಸಿ ದನಕರುಗಳು ಸುಳಿಯದ ಮೂಲೆಗೆ ನಾಲ್ಕೇ ಗಿಡಗಳನ್ನು ಸರಿಸಿದರು. ಅಂದಿನಿಂದ ಆ ಪಾಠಶಾಲೆಯಲ್ಲಿ ವನೌಷಧಿವರ್ಗವನ್ನು ಗಿಡದ ಮುಂದೆ ನಿಂತೇ ಓದುವ ರೂಢಿ ಬಂತು. ಸಿಗದ ಗಿಡಗಳ ಶ್ಲೋಕಗಳನ್ನು ಗುರುಗಳು ಬೇಗ ಬೇಗ ದಾಟಿಸುತ್ತಿದ್ದರು, ಅದು ನಮಗೂ ಸಂತೋಷವೇ ಆಗಿತ್ತು.

ಕಣಗಿಲೆಯ ಬೇರು, ತೊಗಟೆ, ಎಲೆ, ಹೂವು, ಬೀಜ, ರಸ ಎಲ್ಲವೂ ವಿಷಯುಕ್ತ. ಅದರಲ್ಲಿರುವ ಓಲಿಯಾಂಡ್ರಿನ್, ಹಳದಿ ಗಿಡದಲ್ಲಿರುವ ಥೆವೆಟಿನ್ ಮೊದಲಾದ ದ್ರವ್ಯಗಳು ಹೃದಯದ ಮೇಲೆ ಕೆಲಸ ಮಾಡುವಂಥವು. ಹೃದಯರೋಗಕ್ಕೆ ವೈದ್ಯರು ತೂಕಮಾಡಿ ಕೊಡುವ ಡಿಜಾಕ್ಸಿನ್ ಮಾತ್ರೆಯ ಜಾತಿಗೇ ಇವು ಸೇರಿದವು. ಆದರೆ ಗಿಡದಲ್ಲಿ ಅಳತೆಯಿಲ್ಲ. ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು, ಭೇದಿ, ತಲೆಸುತ್ತು ಬಂದು, ಆಮೇಲೆ ನಾಡಿ ನಿಧಾನವಾಗಿ ತಾಳ ತಪ್ಪುತ್ತದೆ. ಹಳದಿ ಗಿಡದ ಬೀಜದಲ್ಲಿ ವಿಷ ಹೆಚ್ಚು ಸಾಂದ್ರ. ಮಗು ಬಾಯಿಗೆ ಹಾಕಿಕೊಂಡಿತೆಂಬ ಅನುಮಾನ ಬಂದರೂ ಮನೆಮದ್ದು ಮಾಡುತ್ತ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ ಹೊತ್ತು ಕಳೆಯಬಾರದು. ಬಾಯಲ್ಲಿ ಉಳಿದುದನ್ನು ತೆಗೆದು, ಬಾಯಿ ತೊಳೆದು, ಗಿಡದ ತುಂಡೊಂದನ್ನು ಕಾಗದದಲ್ಲಿ ಸುತ್ತಿಕೊಂಡು, ಇ.ಸಿ.ಜಿ. ತೆಗೆಯುವ ಅನುಕೂಲವಿರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ಮಗು ಮೊದಲು ಚೆನ್ನಾಗಿಯೇ ಕಂಡು, ಕೆಲವು ತಾಸುಗಳ ಬಳಿಕ ಹೃದಯದ ಬಡಿತ ಕೆಡುವುದುಂಟು. ಆಯುರ್ವೇದವು ಕರವೀರವನ್ನು ಉಪವಿಷಗಳಲ್ಲಿ ಎಣಿಸಿ, ಹಾಲಿನಲ್ಲಿ ಬೇಯಿಸಿ ಶೋಧಿಸುವ ವಿಧಾನವನ್ನು ಹೇಳಿದೆ. ಅದು ವೈದ್ಯರ ಕೆಲಸ. ಯಾರೋ ಹೇಳಿದರೆಂದು ಕಣಗಿಲೆಯ ಬೇರನ್ನು ಅರೆದು ನುಂಗುವವರು ತಮ್ಮ ಆಯುಷ್ಯವನ್ನು ತಾವೇ ಪರೀಕ್ಷೆಗೆ ಒಡ್ಡುತ್ತಾರೆ.

ಇನ್ನು ಆ ತಾಯಿಯ ಪ್ರಶ್ನೆ: ಶಿವನಿಗೆ ಏರಿಸುವ ಹೂವು ವಿಷವಾಗುವುದು ಹೇಗೆ? ನಾವು ಹೇಳಿದೆವು: "ಯವ್ವಾ, ಶಿವನಿಗೆ ಪ್ರಿಯವೆಂದು ಹಿರಿಯರು ಹೇಳಿದ ಹೂಗಳನ್ನು ಎಣಿಸಿ ನೋಡಿರಿ. ಎಕ್ಕೆಯ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿಗೆ ಕೇಡು. ದತ್ತೂರಿಯ ಬೀಜ ತಿಂದರೆ ಬುದ್ಧಿಭ್ರಮೆ. ಕಣಗಿಲೆ ಹೀಗೆ. ಲೋಕ ಬೇಡವೆಂದು ಬಿಟ್ಟುದನ್ನು ತಾನು ಧರಿಸುವುದು ಹಾಲಾಹಲ ಕುಡಿದವನ ಸ್ವಭಾವ. ಹೂವು ವಿಷವೆಂಬ ಮಾತ್ರಕ್ಕೆ ಪೂಜೆಗೆ ಅನರ್ಹವಲ್ಲ. ಪೂಜೆಗೆ ಏರಿತೆಂಬ ಮಾತ್ರಕ್ಕೆ ಅದರ ವಿಷ ಹೋಗುವುದೂ ಇಲ್ಲ." ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಮ್ಮಗಳ ಸೊಂಟದ ಮೇಲಿನ ಕೂಸನ್ನು ನೋಡಿ, "ಖರೇ ಬಿಡ್ರಿ. ಕೂಸೇನು ನೀಲಕಂಠ ಅಲ್ಲ" ಎಂದರು. ನಾವು ಹತ್ತು ವಾಕ್ಯಗಳಲ್ಲಿ ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು.

ಲಿಂಗಪೂಜೆ ಮಾಡುವವರು ಯೋಚಿಸಬೇಕಾದ ಸಂಗತಿ ಇನ್ನೊಂದಿದೆ. ಕಣಗಿಲೆಯ ಕಡ್ಡಿ ಅಥವಾ ಹೂಗೊಂಚಲು ನೆನೆದ ನೀರೂ ವಿಷಯುಕ್ತವಾಗುತ್ತದೆ. ಪಾದೋದಕವು ನಾವು ಸೇವಿಸುವ ತೀರ್ಥ, ಮನೆಯ ಮಕ್ಕಳಿಗೂ ಕೊಡುವಂಥದು. ಆ ಬಟ್ಟಲೊಳಗೆ ಕಣಗಿಲೆಯ ಹೂವು ತೇಲುತ್ತಿರುವುದನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಒಂದು ಹೂವು ಒಂದು ಕ್ಷಣ ಸೋಂಕಿದರೆ ಅನಾಹುತವಾಗುವುದೆಂದು ಹೆದರಿಸುವುದು ನಮ್ಮ ಉದ್ದೇಶವಲ್ಲ. ಆದರೆ ರಾತ್ರಿಯಿಡೀ ಹೂವನ್ನು ನೀರಿನಲ್ಲಿ ಇಟ್ಟು, ಬೆಳಿಗ್ಗೆ ಅದೇ ನೀರನ್ನು ಪೂಜೆಗೆ ಬಳಸುವ ಪದ್ಧತಿ ಖಂಡಿತ ಸಲ್ಲದು. ಪಾದೋದಕಕ್ಕೆ ಮೊದಲೇ ಹೂಗಳನ್ನು ತೆಗೆದು ಬೇರೆ ತಟ್ಟೆಯಲ್ಲಿ ಇಡಬೇಕು, ಕೈ ತೊಳೆಯಬೇಕು; ಅಥವಾ ಅಷ್ಟು ಹೊತ್ತು ಪತ್ರೆಯೊಂದೇ ಸಾಕು. ಪ್ರಸಾದದ ಎಡೆಯ ಮೇಲೆ, ಪಾಯಸದ ಪಾತ್ರೆಯ ಸುತ್ತ ಅಲಂಕಾರಕ್ಕೆಂದು ಈ ಹೂವನ್ನು ಇಡುವುದಂತೂ ಬೇಡವೇ ಬೇಡ. ನಿರ್ಮಾಲ್ಯವನ್ನು ಆಕಳ ಮುಂದೆ ಹಾಕುವುದು, ಹಳ್ಳಕ್ಕೋ ದನ ನೀರು ಕುಡಿಯುವ ಬಾನಿಗೋ ಬಿಡುವುದು ನಮ್ಮಲ್ಲಿ ಪುಣ್ಯದ ಕೆಲಸವೆಂಬಂತೆ ನಡೆದುಬಂದಿದೆ. ಕಣಗಿಲೆಯಿದ್ದಲ್ಲಿ ಅದನ್ನು ಗುಂಡಿ ತೋ‌ಡಿ ಮಣ್ಣು ಮುಚ್ಚುವುದೇ ಸರಿ. ಹೊರಗಿನ ಹೂಗಳಿಗಿಂತ ಮೇಲಾದ ಭಾವಪುಷ್ಪಗಳನ್ನು ಎಣಿಸುವಾಗ ಅಹಿಂಸೆಯನ್ನು ಮೊದಲನೆಯದಾಗಿ ಹೇಳುವ ಪರಂಪರೆ ನಮ್ಮದು. ಆಕಳಿಗೆ ವಿಷವುಣ್ಣಿಸಿದ ಪೂಜೆಯಲ್ಲಿ ಆ ಮೊದಲನೆಯ ಹೂವೇ ಇಲ್ಲದಂತಾಯಿತು. ಪೂಜಾವಿಧಿಯ ವಿಷಯದಲ್ಲಿ ಬೇರೆ ಸಂದೇಹವಿದ್ದವರು ತಮ್ಮ ತಮ್ಮ ಗುರುಗಳನ್ನು ಕೇಳಿಕೊಳ್ಳಬಹುದು.

ಆ ಮನೆಯವರು ಅಂದೇ ಮಧ್ಯಾಹ್ನ ತಲಬಾಗಿಲ ಹಳದಿ ಗಿಡವನ್ನು ಬೇರುಸಹಿತ ಕಿತ್ತರು. ನಮ್ಮ ಸಲಹೆಯಂತೆ ಕೈಗೆ ಗೋಣಿಚೀಲ ಸುತ್ತಿಕೊಂಡು ಕಾಯಿಗಳನ್ನೆಲ್ಲ ಆರಿಸಿ, ಕೊಂಬೆಗಳೊಡನೆ ಆಳವಾದ ಗುಂಡಿಯಲ್ಲಿ ಹೂಳಿದರು. ಇದರ ಕಟ್ಟಿಗೆಯನ್ನು ಒಲೆಗೆ ಹಾಕಬಾರದು, ಹೊಗೆಯೂ ಕೆಟ್ಟದ್ದು. ಹಿತ್ತಲ ಗುಲಾಬಿ ಕಣಗಿಲೆಯನ್ನು ಆ ತಾಯಿ ಬಿಟ್ಟುಕೊಡಲಿಲ್ಲ. ಅದರ ಸುತ್ತ ಮುಳ್ಳಿನ ಬೇಲಿ ಕಟ್ಟಿಸುವುದೆಂದೂ, ಹೂವೆತ್ತುವ ಕೆಲಸ ತಮ್ಮೊಬ್ಬರದೇ ಎಂದೂ ಮಾತಾಯಿತು. ಮೊಮ್ಮಗಳಿಗೆ ಇದು ಪೂರ್ತಿ ಸಮಾಧಾನ ತರಲಿಲ್ಲ. ಅವಳ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ತೆವಳುವ, ತಪ್ಪುಹೆಜ್ಜೆ ಇಡುವ ಮಕ್ಕಳಿರುವ ಮನೆಯಲ್ಲಿ ಹಳದಿ ಕಣಗಿಲೆ ಇರಲೇಬಾರದು. ನಿಜ ಕಣಗಿಲೆಯನ್ನು ಮಕ್ಕಳ ಕೈಗೆಟುಕದಂತೆ ಇರಿಸಲಾಗದಿದ್ದರೆ ಅದೂ ಬೇಡ. ಶಾಲೆಯ ಆವರಣದಲ್ಲಿ ಎರಡನ್ನೂ ನೆಡಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ. ಹೆದ್ದಾರಿಗಳ ನಡುಪಟ್ಟಿಯಲ್ಲಿ ಸಾಲಾಗಿ ನೆಟ್ಟಿರುವುದು ಬೇರೆ ಮಾತು. ಹೊಗೆ, ಧೂಳು, ಬರ ಎಲ್ಲವನ್ನೂ ತಡೆದು, ದನಗಳಿಂದಲೂ ಉಳಿದುಕೊಳ್ಳುವ ಅದರ ಗುಣ ಅಲ್ಲಿ ಚೆನ್ನಾಗಿ ಒದಗುತ್ತದೆ.

ದನದ ಹಕ್ಕೆಯಿಂದ, ನೀರಿನ ಬಾನಿಯಿಂದ, ಮಕ್ಕಳಾಡುವ ಜಾಗದಿಂದ ದೂರವಾದ ಬಿಸಿಲು ನೆಲವಿದ್ದವರು ಕಣಗಿಲೆಯನ್ನು ಧೈರ್ಯವಾಗಿ ಬೆಳೆಸಬಹುದು. ಮುಂಗಾರು ಹಿಡಿದ ಮೇಲೆ, ಪೆನ್ಸಿಲಿನ ಗಾತ್ರದ ಬಲಿತ ರೆಂಬೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಎರಡು ಗಣ್ಣು ಮಣ್ಣೊಳಗೆ ಹೋಗುವಂತೆ ಊರಬೇಕು. ನೀರಿನ ಶೀಶೆಯಲ್ಲಿ ಇಟ್ಟರೂ ಬೇರು ಬರುತ್ತದೆ. ಆದರೆ ಆ ಶೀಶೆಯನ್ನು ಅಡುಗೆಮನೆಯಲ್ಲಿ ಇಡಬೇಡಿರಿ, ನೀರನ್ನು ಜಾಗರೂಕತೆಯಿಂದ ಚೆಲ್ಲಿರಿ. ಎರೆಭೂಮಿಯಾದರೆ ಗುಂಡಿಗೆ ಮರಳು ಬೆರೆಸಿ, ನೀರು ನಿಲ್ಲದಂತೆ ಸ್ವಲ್ಪ ಎತ್ತರ ಮಾಡಿರಿ. ನೆರಳಿನಲ್ಲಿ ಗಿಡ ಬದುಕುತ್ತದೆ, ಹೂ ಬಿಡುವುದಿಲ್ಲ. ಬೇರೂರಿದ ಮೇಲೆ ಹೆಚ್ಚು ನೀರು, ಹೆಚ್ಚು ಗೊಬ್ಬರ ಕೊಟ್ಟರೆ ಬರಿಯ ಎಲೆ. ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಆದುದರಿಂದ ಒಂದು ಸುತ್ತು ಹೂವು ಮುಗಿದ ಮೇಲೆ ತುದಿಗಳನ್ನು ಸವರಿದರೆ ಕವಲೊಡೆದು ಗೊಂಚಲು ಹೆಚ್ಚುತ್ತವೆ. ಸವರುವಾಗ ಕಣ್ಣು ಮುಟ್ಟಿಕೊಳ್ಳಬಾರದು, ಆಮೇಲೆ ಕತ್ತರಿಯನ್ನೂ ಕೈಯನ್ನೂ ಸಾಬೂನಿನಿಂದ ತೊಳೆಯಬೇಕು, ಸವರಿದ್ದನ್ನು ಅಂದೇ ಹೂಳಬೇಕು. ಬುಡದಿಂದ ಏಳುವ ಸಪೂರ ಹಿಳ್ಳುಗಳನ್ನು ಕಿತ್ತರೆ ಗಿಡಕ್ಕೆ ಬಲ.

ಎಳೆಯ ಚಿಗುರಿಗೆ ಹಳದಿ ಬಣ್ಣದ ಹೇನು ಮುತ್ತುವುದುಂಟು; ಸಾಬೂನಿನ ನೀರು ಎರಚಿದರೆ ಹೋಗುತ್ತದೆ. ಮೈತುಂಬ ಕಪ್ಪು ಬಿಳಿ ಪಟ್ಟೆಗಳಿದ್ದು ಬೆನ್ನಿನ ಮೇಲೆ ಕರಿಯ ಎಳೆಗಳನ್ನು ಹೊತ್ತ ಹುಳುವೊಂದು ಎಲೆ ತಿನ್ನುತ್ತ ಕಂಡರೆ ಮಾತ್ರ ಅದನ್ನು ಕೊಲ್ಲಬೇಡಿರಿ. ಹಸುವನ್ನು ಕೆಡವಿದ ಆ ಎಲೆ ಈ ಹುಳುವಿಗೆ ಅನ್ನ. ಅದು ಎಲೆಯಡಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಂಗಾರದ ಗೂಡಾಗಿ ಜೋತು, ಕೆಲವು ದಿನಗಳಲ್ಲಿ ಬಿಳಿ ಚುಕ್ಕೆಗಳ ಕಂದು ಚಿಟ್ಟೆಯಾಗಿ ಹಾರಿಹೋಗುತ್ತದೆ. ತಿಂದ ಎಲೆಗಳ ಜಾಗದಲ್ಲಿ ಗಿಡ ಮತ್ತೆ ಚಿಗುರುತ್ತದೆ.